ಮೀಯಲಾಗದ ಕಡಲಿನ ಚೆಲುವು

ಮಗನೋ ಮಗಳೋ ತಂಗಿಯೋ ಅಮೆರಿಕದಲ್ಲಿದ್ದಾರೆ ಎನ್ನುವ ಮನೆ ಈಗ ನಮ್ಮ ಸಣ್ಣ ಊರುಗಳಲ್ಲೂ ಬೀದಿಗೊಂದು ಸಿಗುತ್ತದೆ. ಬಾಣಂತನಕ್ಕೋ ಮೊಮ್ಮಗುವಿನ ನಾಮಕರಣಕ್ಕೋ ಎಂದು ವಿಮಾನ ಹತ್ತುವ ಸೋದರಿಯರು ಸಾರಿನ ಪುಡಿ, ಚಟ್ನಿಪುಡಿ, ಬಾಣಂತಿ ಲೇಹ್ಯಗಳ ಪಟ್ಟಿಯನ್ನು ತಿಂಗಳ ಮೊದಲೇ ಮಾಡಿಕೊಂಡಿರುತ್ತಾರೆ. ಸ್ವೆಟರ್ ಇಟ್ಟುಕೊಳ್ಳಿ, ಬಿ.ಪಿ. ಮಾತ್ರೆ ಮರೆಯಬೇಡಿ ಎಂದು ಹತ್ತು ಜನ ಹೇಳುತ್ತಾರೆ. ಅಲ್ಲಿಯ ಸಮುದ್ರದ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅಂತ ಮಾತ್ರ ಒಬ್ಬರೂ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋದವರನ್ನು ಶನಿವಾರ ಬಂತೆಂದರೆ ಮಕ್ಕಳು ಕರೆದುಕೊಂಡು ಹೋಗುವುದು ಸಮುದ್ರಕ್ಕೇ!

ನಾನು ಹೊನ್ನಾವರದ ಕಡೆಯವಳು. ಮದುವೆಯಾಗಿ ಘಟ್ಟ ಹತ್ತಿ ಇಪ್ಪತ್ತೆರಡು ವರ್ಷವಾಯಿತಾದರೂ ಸಮುದ್ರ ನನಗೆ ಹೊಸದಲ್ಲ. ಚಿಕ್ಕವರಿದ್ದಾಗ ಲಂಗ ಎತ್ತಿ ಕಟ್ಟಿಕೊಂಡು ಮೊಣಕಾಲ ನೀರಿನಲ್ಲಿ ನಿಂತು, ಅಲೆ ಬಂದಾಗ ಕುಣಿದು, ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದು ಬೈಸಿಕೊಂಡವರು ನಾವು. ಕಡಲ ನೀರು ಎಂದರೆ ಬೆಚ್ಚಗಿರುತ್ತದೆ ಎಂಬುದು ನಮಗೆ ಉಪ್ಪು ಎಂದರೆ ಉಪ್ಪಗಿರುತ್ತದೆ ಎಂಬಷ್ಟೇ ಸಹಜವಾದ ಮಾತಾಗಿತ್ತು. ತಂಗಿಯ ಎರಡನೆಯ ಬಾಣಂತನಕ್ಕೆಂದು ಆಗಸ್ಟ್‌ನಿಂದ ಜನವರಿಯವರೆಗೆ ಸ್ಯಾನ್ ಹೋಸೆ ಊರಿನಲ್ಲಿ ಇದ್ದಾಗಲೇ ಇನ್ನೊಂದು ಬಗೆಯ ಸಮುದ್ರವೂ ಉಂಟು ಎಂದು ತಿಳಿದದ್ದು.

ಮೊದಲು ನೋಡಿದ್ದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಓಷನ್ ಬೀಚನ್ನು. ಐದು ಕಿಲೋಮೀಟರಿಗೂ ಉದ್ದದ ಮರಳು. ಆಗಸ್ಟ್ ಎಂದರೆ ಅಲ್ಲಿ ಬೇಸಿಗೆ. ಸ್ಯಾನ್ ಹೋಸೆಯಲ್ಲಿ ಬಿಸಿಲಿಗೆ ಬೆವರುತ್ತಾ ಹೊರಟವರು ಒಂದು ಗಂಟೆಯ ದಾರಿ ದಾಟಿ ಸಮುದ್ರದ ಬದಿಗೆ ಇಳಿದರೆ ಕೊಡಗಿನ ಮಳೆಗಾಲದಂಥ ಮಂಜು! ಜನರೆಲ್ಲ ಟೊಪ್ಪಿಗೆ, ಜಾಕೆಟ್ಟು ಹಾಕಿಕೊಂಡು ಮರಳಿನಲ್ಲಿ ನಡೆಯುತ್ತಿದ್ದರು. ನಾಯಿಗಳು ಓಡುತ್ತಿದ್ದವು. ನೀರಿನಲ್ಲಿ ಮಾತ್ರ ಮೈತುಂಬ ಕರಿಯ ರಬ್ಬರ್ ಉಡುಪು ತೊಟ್ಟ ಅಲೆಸವಾರರನ್ನು ಬಿಟ್ಟು ಯಾರೂ ಇಲ್ಲ. ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತದ್ದು ಎರಡು ನಿಮಿಷವಿರಬಹುದು, ಮೂಳೆಯೊಳಗೆ ಸೂಜಿ ಇಳಿದ ಹಾಗಾಯಿತು. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಸ್ವಲ್ಪ ಹೊತ್ತು ಹೊರಗಿಟ್ಟರೆ ಹೇಗಿರುತ್ತದೆ, ಅಷ್ಟು ತಣ್ಣಗೆ. ಅಲ್ಲಿಯ ಸಮುದ್ರದ ನೀರು ವರ್ಷವಿಡೀ ಸುಮಾರು 10ರಿಂದ 15 ಡಿಗ್ರಿ ಸೆಲ್ಸಿಯಸ್. ನಮ್ಮ ಕರಾವಳಿಯದು 27, 28, ಕೆಲವೊಮ್ಮೆ 30. ಅಂತರ ನೋಡಿ!

ನೀರು ಯಾಕಿಷ್ಟು ತಣ್ಣಗೆ?

ತಂಗಿಯ ಗಂಡ ಇದನ್ನು ಬಿಡಿಸಿ ಹೇಳಿದರು. ಉತ್ತರದ ಅಲಾಸ್ಕಾ ಕಡೆಯಿಂದ ದಕ್ಷಿಣಕ್ಕೆ ಹರಿದು ಬರುವ ತಣ್ಣನೆಯ ಪ್ರವಾಹ ಒಂದು ಕಾರಣ. ಅದಕ್ಕಿಂತ ದೊಡ್ಡದು ಗಾಳಿ. ವಸಂತದಲ್ಲೂ ಬೇಸಿಗೆಯಲ್ಲೂ ವಾಯವ್ಯದಿಂದ ದಡದ ಉದ್ದಕ್ಕೂ ಗಾಳಿ ಬೀಸುತ್ತದೆ. ಭೂಮಿ ತಿರುಗುವುದರಿಂದ ಆ ಗಾಳಿ ತಳ್ಳಿದ ಮೇಲುನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಕಾದ ಹಾಲನ್ನು ಊದಿದರೆ ಕೆನೆ ಅತ್ತ ಸರಿದು ಕೆಳಗಿನ ಹಾಲು ಕಾಣುತ್ತದಲ್ಲ, ಹಾಗೆಯೇ ಆಳದ ತಣ್ಣೀರು ಮೇಲೆ ಬರುತ್ತದೆ. ಸಮುದ್ರದ ಮೇಲಿನ ತೇವದ ಗಾಳಿ ಈ ತಣ್ಣೀರನ್ನು ತಾಗಿದಾಗ ಮಂಜಾಗುತ್ತದೆ. ಅದಕ್ಕೇ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಸೂರ್ಯನ ಮುಖ ಕಾಣಲು ಮಧ್ಯಾಹ್ನದವರೆಗೆ ಕಾಯಬೇಕು. ಬಿಸಿಲು ಬೇಕಿದ್ದವರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋಗಬೇಕು.

ಆಳದಿಂದ ಬರುವ ನೀರು ಬರಿಗೈಯಲ್ಲಿ ಬರುವುದಿಲ್ಲ. ಸಮುದ್ರದ ತಳದಲ್ಲಿ ಕೊಳೆತು ಸೇರಿದ ಸಾರವನ್ನೆಲ್ಲ ಹೊತ್ತು ತರುತ್ತದೆ. ಹೊಲಕ್ಕೆ ಗೊಬ್ಬರ ಬಿದ್ದಂತೆ. ಅದರಿಂದ ಕಣ್ಣಿಗೆ ಕಾಣದ ಕಡಲ ಸಸ್ಯ ಬೆಳೆದು, ಅದನ್ನು ತಿನ್ನುವ ಮೀನು ಬಂದು, ಮೀನಿನ ಹಿಂದೆ ಹಕ್ಕಿ, ಸೀಲು, ತಿಮಿಂಗಿಲಗಳೆಲ್ಲ ಬರುತ್ತವೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಇದೇ ಬಗೆಯಾಗಿ ಕೆಳಗಿನ ನೀರು ಮೇಲೆ ಬರುವುದುಂಟಂತೆ; ಬಂಗುಡೆ, ಭೂತಾಯಿ ಮೀನುಗಳು ಹೇರಳವಾಗಿ ಸಿಗುವುದಕ್ಕೆ ಅದೂ ಒಂದು ಕಾರಣ. ಹೊನ್ನಾವರದಲ್ಲಿ ಹುಟ್ಟಿ ಬೆಳೆದವಳಿಗೆ ಈ ಸಂಗತಿ ಗೊತ್ತಾಗಲು ಅಮೆರಿಕದವರೆಗೆ ಹೋಗಬೇಕಾಯಿತು ನೋಡಿ.

ಹೀಗೆ ಅಲ್ಲಿಯ ಚೆಲುವಿಗೂ ಅಪಾಯಕ್ಕೂ ಒಂದೇ ತಣ್ಣೀರು ಮೂಲ. ಮೊದಲು ಅಪಾಯವನ್ನು ಹೇಳಿಬಿಡುತ್ತೇನೆ.

ಸದ್ದಿಲ್ಲದೆ ಬರುವ ಅಲೆ

ಅಲ್ಲಿಯ ಎಷ್ಟೋ ಬೀಚುಗಳ ಬಾಯಲ್ಲಿ ಒಂದು ಹಲಗೆ ಇರುತ್ತದೆ. ಸಮುದ್ರಕ್ಕೆ ಎಂದೂ ಬೆನ್ನು ಹಾಕಬೇಡಿ ಎಂದು ಅದರ ಅರ್ಥ. ನಮ್ಮ ಕಡೆಯ ಸಮುದ್ರದಲ್ಲಿ ಅಲೆಗಳು ಹೆಚ್ಚುಕಡಿಮೆ ಒಂದೇ ಗೆರೆಯವರೆಗೆ ಬಂದು ಹಿಂದೆ ಸರಿಯುತ್ತವೆ. ಇಲ್ಲಿಗಿಂತ ಮುಂದೆ ಬರುವುದಿಲ್ಲ ಎಂದು ಲೆಕ್ಕ ಹಾಕಿ ಚಪ್ಪಲಿ ಬಿಡುತ್ತೇವೆ. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲೂ ಅದರ ಮೇಲಿನ ಆರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲೂ ಈ ಲೆಕ್ಕ ನಡೆಯುವುದಿಲ್ಲ. ಹತ್ತು, ಇಪ್ಪತ್ತು ನಿಮಿಷ ಸಣ್ಣ ಅಲೆಗಳೇ ಬರುತ್ತಿರುತ್ತವೆ. ಹಾಗಿರುವಾಗಲೇ ಒಂದು ಅಲೆ ಎಲ್ಲವನ್ನೂ ಮೀರಿ ಒಣ ಮರಳಿನ ಮೇಲೆ ನೂರು ಅಡಿಗೂ ಹೆಚ್ಚು ನುಗ್ಗಿಬಿಡುತ್ತದೆ. ಅಲ್ಲಿಯವರು ಅದನ್ನು ಸ್ನೀಕರ್ ಅಲೆ ಎನ್ನುತ್ತಾರೆ. ಕಳ್ಳ ಅಲೆ ಎಂದುಕೊಳ್ಳಿ.

ಅದು ಹುಟ್ಟುವುದು ಸಾವಿರಾರು ಕಿಲೋಮೀಟರ್ ಆಚೆ, ಉತ್ತರ ಪೆಸಿಫಿಕ್ ಸಾಗರದ ಬಿರುಗಾಳಿಯಲ್ಲಿ. ಅಲ್ಲಿಂದ ಹೊರಟ ಉಬ್ಬು ದಿನಗಟ್ಟಲೆ ಪ್ರಯಾಣ ಮಾಡಿ ದಡ ಮುಟ್ಟುವಾಗ ಇಲ್ಲಿ ಆಕಾಶ ತಿಳಿಯಾಗಿರಬಹುದು, ಗಾಳಿಯೇ ಇಲ್ಲದಿರಬಹುದು. ಹಾಗಾಗಿ ನಂಬಿಕೆ ಬರುವುದಿಲ್ಲ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಇದರ ಕಾಟ ಜಾಸ್ತಿ. ಅಂದರೆ ಮಂಜು ಕಳೆದು ಬಿಸಿಲು ಬಿದ್ದು, ನಮ್ಮಂಥ ನೆಂಟರಿಗೆ ಹೋಗೋಣ ಅನ್ನಿಸುವ ದಿನಗಳಲ್ಲೇ!

ನವೆಂಬರ್ ತಿಂಗಳ ಒಂದು ಭಾನುವಾರ, ಮಗುವಿಗೆ ನಲವತ್ತು ದಿನ ಕಳೆದ ಮೇಲೆ, ಪೆಸ್ಕಡೆರೋ ಕಡೆಯ ಒಂದು ಬೀಚಿಗೆ ನಾಲ್ಕೈದು ಕನ್ನಡದ ಮನೆಗಳವರು ಸೇರಿ ಹೋಗಿದ್ದೆವು. ತಂಗಿ ಮಗುವಿನೊಂದಿಗೆ ಕಾರಿನಲ್ಲೇ ಇದ್ದಳು. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು, ಅರವತ್ತೈದರ ಆಸುಪಾಸಿನವರು, ಮರಳಿನ ಇಳಿಜಾರಿನಲ್ಲಿ ಕುಳಿತು ದಡದ ಕಡೆಗೆ ಮುಖ ಮಾಡಿ ಮೊಮ್ಮಕ್ಕಳ ಫೋಟೋ ತೆಗೆಯುತ್ತಿದ್ದರು. ನೀರು ಅವರಿಂದ ಮೂವತ್ತು ಹೆಜ್ಜೆಯಾದರೂ ದೂರವಿತ್ತು. ನಾವೆಲ್ಲ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಯಾರೋ ಕೂಗಿದ್ದು ಕೇಳಿ ತಿರುಗುವಷ್ಟರಲ್ಲಿ ನೊರೆ ಅವರ ಸೊಂಟದವರೆಗೆ ಬಂದಿತ್ತು. ನೀರು ಹಿಂದೆ ಸರಿಯುವಾಗ ಕುಳಿತ ಭಂಗಿಯಲ್ಲೇ ಅವರನ್ನು ನಾಲ್ಕು ಮಾರು ಎಳೆದುಕೊಂಡು ಹೋಯಿತು. ಹತ್ತಿರವಿದ್ದ ಇಬ್ಬರು ಹುಡುಗರು ತೋಳು ಹಿಡಿದು ಮೇಲಕ್ಕೆ ತಂದರು. ಉಟ್ಟ ಸೀರೆಯ ನೆರಿಗೆಯಲ್ಲಿ ಎಷ್ಟು ಮರಳು ತುಂಬಿತ್ತೆಂದರೆ ಇಬ್ಬರಿಂದಲೂ ಎತ್ತಲಾಗದೆ ಮೂರನೆಯವರು ಕೈ ಹಾಕಬೇಕಾಯಿತು. ಮೇಲೆ ಬಂದ ಮೇಲೆ ಅವರಿಗೆ ಮಾತು ಹೊರಡಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ತುಟಿ ನೀಲಿಯಾಗಿತ್ತು. ಇದೆಲ್ಲ ಅರ್ಧ ನಿಮಿಷದಲ್ಲಿ ಮುಗಿದುಹೋಗಿತ್ತು.

ಗಂಡಸರು ಒಂದಿಷ್ಟು ಜನ ಅವರ ಕೈಕಾಲು ತಿಕ್ಕಲು ಶುರು ಮಾಡಿದರು. ಅಲ್ಲಿದ್ದ ನರ್ಸ್ ಒಬ್ಬಳು, ನಮ್ಮವಳೇ, ಬೇಡ ಎಂದು ತಡೆದಳು. ಚಳಿ ಹಿಡಿದವರ ಕೈಕಾಲು ತಿಕ್ಕಿದರೆ ಅಲ್ಲಿಯ ತಣ್ಣನೆಯ ರಕ್ತ ಒಮ್ಮೆಗೇ ಹೃದಯದ ಕಡೆ ಓಡುತ್ತದೆ. ಕಾರಿನೊಳಗೆ ಕೂರಿಸಿ, ಒದ್ದೆ ಬಟ್ಟೆಯನ್ನೆಲ್ಲ ತೆಗೆದು, ಒಣ ಶಾಲು ಕಂಬಳಿ ಸುತ್ತಿ, ಎದೆ ಬೆನ್ನು ಬೆಚ್ಚಗಾಗುವಂತೆ ಮಾಡಿದಳು. ಸ್ಪಷ್ಟವಾಗಿ ಮಾತಾಡುವಂತಾದ ಮೇಲಷ್ಟೇ ಬಿಸಿಯಾದ ಸಿಹಿ ಕುಡಿಯಲು ಕೊಟ್ಟಳು. ಮಂಪರಿನಲ್ಲಿದ್ದವರ ಬಾಯಿಗೆ ಏನನ್ನೂ ಹಾಕಬಾರದು. ಚಳಿಗೆ ಒಳ್ಳೆಯದು ಎಂದು ಬ್ರಾಂದಿ ಕೊಡುವುದಂತೂ ಕೂಡದು. ಅದರಿಂದ ಮೈಯ ಶಾಖ ಇನ್ನೂ ಕಳೆದುಹೋಗುತ್ತದೆ.

ಈ ಅಲೆ ನಿಂತು ನೋಡುವವರನ್ನೂ ಬಿಡುವುದಿಲ್ಲ. ಹಾಫ್ ಮೂನ್ ಬೇ ಊರಿನ ಹತ್ತಿರ ಮಾವೆರಿಕ್ಸ್ ಎಂಬಲ್ಲಿ ಚಳಿಗಾಲದ ಅಲೆಗಳು ಐದಾರು ಮಹಡಿಯ ಕಟ್ಟಡದಷ್ಟು ಎತ್ತರ ಏಳುತ್ತವೆ. (1960ರ ದಶಕದಲ್ಲಿ ಅಲೆ ಹತ್ತಲು ಹೋದವರ ಹಿಂದೆ ಈಜಿ ಬಂದ ನಾಯಿಯ ಹೆಸರು ಮಾವೆರಿಕ್. ಅದರ ಜೀವಕ್ಕೆ ಅಪಾಯ ಎಂದು ದಡದಲ್ಲಿ ಕಟ್ಟಿಹಾಕಿದರಂತೆ. ಜಾಗಕ್ಕೆ ಆ ನಾಯಿಯ ಹೆಸರೇ ನಿಂತಿತು!) 2010ರ ಫೆಬ್ರವರಿಯಲ್ಲಿ ಅಲ್ಲಿ ಅಲೆಸವಾರಿ ಸ್ಪರ್ಧೆ ನಡೆಯುವಾಗ ದಡದ ಗೋಡೆಯ ಮೇಲೆ ನಿಂತು ನೋಡುತ್ತಿದ್ದ ಜನರ ಮೇಲೆಯೇ ಅಲೆ ನುಗ್ಗಿ ಹತ್ತಕ್ಕೂ ಹೆಚ್ಚು ಮಂದಿಗೆ ಪೆಟ್ಟಾಯಿತು. ನೀರಿನಲ್ಲಿದ್ದ ಸ್ಪರ್ಧಿಗಳಿಗಿಂತ ಪ್ರೇಕ್ಷಕರಿಗೇ ಅಂದು ಹೆಚ್ಚು ಆಪತ್ತು.

ತಣ್ಣೀರಿಗೆ ಬಿದ್ದರೆ

ಈಜು ಬರುತ್ತದೆ, ನನಗೇನು ಭಯ ಎನ್ನುವವರಿದ್ದಾರೆ. ಮೈಸೂರು, ಬೆಂಗಳೂರಿನ ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಮೊದಲ ನಿಮಿಷಕ್ಕೇ ಕೈಕೊಡುತ್ತದೆ. ತಣ್ಣೀರು ಮೈಗೆ ತಗುಲಿದ ಕೂಡಲೇ ನಮ್ಮ ಇಚ್ಛೆ ಇಲ್ಲದೆಯೇ ಬಾಯಿ ತೆರೆದು ಉಸಿರು ಒಳಗೆಳೆದುಕೊಳ್ಳುತ್ತೇವೆ. ತಲೆ ನೀರಿನೊಳಗಿದ್ದರೆ ಉಸಿರಿನ ಬದಲು ನೀರೇ ಒಳಗೆ ಹೋಯಿತು! ಆಮೇಲೆ ಏದುಸಿರು, ಎದೆ ಬಡಿತ. ರಕ್ತನಾಳಗಳು ಬಿಗಿದು ರಕ್ತದೊತ್ತಡ ಏರುತ್ತದೆ. ಹೃದಯದ ತೊಂದರೆ, ಬಿ.ಪಿ. ಇರುವ ನಮ್ಮ ವಯಸ್ಸಿನವರು, ನಮ್ಮ ಹಿರಿಯರು ಈ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಕೆನಡಾ ದೇಶದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಮಂಜುಗಡ್ಡೆಯ ನೀರಿಗೆ ತಾವೇ ಇಳಿದಿಳಿದು ಇದನ್ನೆಲ್ಲ ಅಭ್ಯಾಸ ಮಾಡಿದವರು. ಅವರು ಹೇಳಿಕೊಟ್ಟ ಲೆಕ್ಕ ಸುಲಭವಾಗಿದೆ: ಒಂದು, ಹತ್ತು, ಒಂದು. ತೀರ ತಣ್ಣೀರಿಗೆ ಬಿದ್ದವರಿಗೆ ಉಸಿರನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ. ಮೈಯ ಶಾಖವಿಳಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಅಂದರೆ ಚಳಿಯಿಂದ ಸಾಯುವುದು ಕೊನೆಯ ಮಾತು. ಮುಳುಗುವವರು ಅದಕ್ಕೆ ಎಷ್ಟೋ ಮೊದಲೇ ಮುಳುಗಿರುತ್ತಾರೆ. ಹಾಗಾಗಿ ಬಿದ್ದವರು ಮೊದಲ ನಿಮಿಷ ಈಜಲು ಹೋಗಬಾರದು. ಬೆನ್ನ ಮೇಲೆ ಮಲಗಿ ತೇಲುತ್ತಾ, ಮೂಗು ಬಾಯಿ ನೀರಿನಿಂದ ಮೇಲಿಟ್ಟು, ಉಸಿರು ಸಮಾಧಾನಕ್ಕೆ ಬರುವವರೆಗೆ ಕಾಯಬೇಕು. ಕೂಗುವುದು, ಕೈ ಬೀಸುವುದು, ಈಜುವುದು ಆಮೇಲೆ.

ಒಳಕ್ಕೆಳೆಯುವ ಸೆಳೆತ ಇನ್ನೊಂದು. ದಡಕ್ಕೆ ಬಂದ ನೀರು ಒಂದು ಕಿರಿದಾದ ದಾರಿ ಮಾಡಿಕೊಂಡು ಹೊಳೆಯ ಹಾಗೆ ಸಮುದ್ರಕ್ಕೆ ವಾಪಸು ಓಡುತ್ತದೆ. ಓಷನ್ ಬೀಚ್ ಇದಕ್ಕೆ ಕುಪ್ರಸಿದ್ಧ. ಸೆಳೆತಕ್ಕೆ ಎದುರು ಈಜಿ ದಡಕ್ಕೆ ಬರಲು ಹೋದವರು ಸೋಲುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು ಆಮೇಲೆ ದಡದ ಕಡೆ ತಿರುಗಬೇಕು. ಈ ಮಾತು ನಮ್ಮ ಕಡಲಿಗೂ ಸಲ್ಲುತ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುಳುಗಿ ಹೋದದ್ದನ್ನು ನೀವೂ ಓದಿರುತ್ತೀರಿ. ನೀರು ಬೆಚ್ಚಗಿದ್ದ ಮಾತ್ರಕ್ಕೆ ಸೆಳೆತ ಕರುಣೆ ತೋರಿಸುವುದಿಲ್ಲ.

ಇನ್ನೊಂದು ಸಂಗತಿ ಹೇಳಲು ಮನಸ್ಸು ಭಾರವಾಗುತ್ತದೆ. ಅಲೆ ಮಗುವನ್ನು ಎಳೆದುಕೊಂಡಾಗ ಹಿಂದೆಯೇ ಹಾರಿದ ತಂದೆಯೂ ಬಾರದೆ ಹೋದ ಸುದ್ದಿಗಳು ಅಲ್ಲಿಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ನಾಯಿಯನ್ನು ಹಿಡಿಯಲು ಹೋದ ಯಜಮಾನ ಮುಳುಗಿ, ನಾಯಿ ತಾನೇ ಈಜಿ ದಡ ಸೇರಿದ್ದೂ ಉಂಟು. ಮಗು ಕೈಬಿಟ್ಟಾಗ ಹಾರಬೇಡ ಎಂದು ತಾಯಿಗೋ ತಂದೆಗೋ ಹೇಳಿದರೆ ಕೇಳುವವರಾರು? ಅದಕ್ಕೇ ಆ ಗಳಿಗೆಯೇ ಬಾರದಂತೆ ನೋಡಿಕೊಳ್ಳಬೇಕು. ಮಕ್ಕಳ ಕೈ ಹಿಡಿದಿರಿ. ಎಷ್ಟು ಹಟ ಮಾಡಿದರೂ ಬಿಡಬೇಡಿ. ಯಾರಾದರೂ ನೀರಿಗೆ ಹೋದರೆ 911 ನಂಬರಿಗೆ ಫೋನ್ ಮಾಡಿ, ಅವರ ಮೇಲಿನ ಕಣ್ಣು ತೆಗೆಯದೆ, ತೇಲುವ ವಸ್ತು ಏನಾದರೂ, ಚೆಂಡೋ ಬುತ್ತಿಯ ಥರ್ಮಕೋಲ್ ಡಬ್ಬಿಯೋ, ಅವರತ್ತ ಎಸೆಯಿರಿ. ಉತ್ತರದ ಬಹುಪಾಲು ಬೀಚುಗಳಲ್ಲಿ ಕಾವಲಿನ ಈಜುಗಾರರು ಇರುವುದಿಲ್ಲ ಎಂಬುದು ತಿಳಿದಿರಲಿ.

ನನಗೆ ಮೆಚ್ಚಿಗೆಯಾದ ತೀರಗಳು

ಇಷ್ಟೆಲ್ಲ ಓದಿ ಈ ಪುಣ್ಯಾತ್ಗಿತ್ತಿ ಸಮುದ್ರಕ್ಕೇ ಹೋಗಬೇಡಿ ಅನ್ನುತ್ತಾಳೆ ಅಂದುಕೊಂಡಿರಾ? ಖಂಡಿತ ಇಲ್ಲ. ಆರು ತಿಂಗಳಲ್ಲಿ ನನಗೆ ಅಂಗಡಿ, ಮಾಲುಗಳು ಬೇಸರ ಬಂದವು. ಸಮುದ್ರ ಬೇಸರ ಬರಲಿಲ್ಲ.

ಓಷನ್ ಬೀಚಿನ ಉತ್ತರದ ತುದಿಯಲ್ಲಿ ಬಂಡೆಗಳ ಮಧ್ಯೆ ಮುರಿದ ಗೋಡೆಗಳು, ಕೆರೆಯಂತೆ ನಿಂತ ನೀರು ಕಾಣುತ್ತವೆ. ಯಾವುದೋ ಹಾಳು ದೇವಸ್ಥಾನದ ಪುಷ್ಕರಿಣಿ ಅಂದುಕೊಂಡೆ. ಅದು ಆಡಾಲ್ಫ್ ಸುಟ್ರೋ ಎಂಬ ಶ್ರೀಮಂತ 1896ರಲ್ಲಿ ತೆರೆದ ಸಾರ್ವಜನಿಕ ಸ್ನಾನಗೃಹ! ಗಾಜಿನ ಮಾಡಿನ ಕೆಳಗೆ ಏಳು ಕೊಳಗಳು. ಆರರಲ್ಲಿ ಸಮುದ್ರದ ನೀರು, ಬೇರೆ ಬೇರೆ ಹದಕ್ಕೆ ಕಾಯಿಸಿದ್ದು. ಎದುರಿಗೇ ಇಷ್ಟು ದೊಡ್ಡ ಸಮುದ್ರ ಬಿದ್ದಿದ್ದರೂ ಅದರ ನೀರನ್ನು ಒಳಗೆ ತಂದು ಕಾಯಿಸಿ ಮೀಯಬೇಕಾಗಿತ್ತು ಆ ಊರಿನವರಿಗೆ. ನಮ್ಮ ಬಚ್ಚಲ ಹಂಡೆಯನ್ನು ನೆನೆದು ನಗು ಬಂತು. 1966ರಲ್ಲಿ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಗಿ ಪಾಯ ಮಾತ್ರ ಉಳಿದಿದೆ. ಸಂಜೆ ಅಲ್ಲಿ ನಿಂತು ಮಂಜು ಏರುವುದನ್ನು ನೋಡುವುದೇ ಒಂದು ಸುಖ. ಹಳೆಯ ಗೋಡೆಯ ಮೇಲೆ ನಡೆಯಲು ಮಾತ್ರ ಹೋಗಬೇಡಿ, ಪಾಚಿ ಹಿಡಿದು ಜಾರುತ್ತದೆ.

ಸಾಂಟಾ ಕ್ರೂಜ್ ಸ್ಯಾನ್ ಹೋಸೆಯಿಂದ ಬೆಟ್ಟ ದಾಟಿದರೆ ಸಿಗುವ ಊರು. ಮಕ್ಕಳಿಗೆ 1907ರಿಂದ ನಡೆದು ಬಂದ ತೊಟ್ಟಿಲು, ಗಿರಗಟ್ಟಲೆಗಳ ಜಾತ್ರೆಯಂಥ ಜಾಗವಿದೆ. ನನಗೆ ಹಿಡಿಸಿದ್ದು ಅದಲ್ಲ. ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವವರನ್ನು ದಿಬ್ಬದ ಮೇಲಿನ ಕಲ್ಲುಬೆಂಚಿನಿಂದ ನೋಡುವುದು. 1885ರಲ್ಲಿ ಹವಾಯಿ ದ್ವೀಪದ ಮೂವರು ರಾಜಕುಮಾರರು ಓದಲೆಂದು ಬಂದವರು ಇಲ್ಲಿ ರೆಡ್‌ವುಡ್ ಮರದ ಹಲಗೆ ಮಾಡಿಸಿಕೊಂಡು ಮೊದಲು ಅಲೆ ಹತ್ತಿದರು. ಬೆಚ್ಚಗಿನ ಕಡಲಿನಿಂದ ಬಂದ ಆ ಹುಡುಗರು ಈ ಚಳಿಯಲ್ಲಿ ಬರಿಮೈಯಲ್ಲಿ ಹೇಗೆ ತಡೆದರೋ! ಈಗಿನವರು ತೊಡುವ ರಬ್ಬರ್ ಉಡುಪು ಬಂದದ್ದು 1950ರ ದಶಕದಲ್ಲಿ. ಬರ್ಕ್‌ಲಿಯ ವಿಜ್ಞಾನಿ ಹ್ಯೂ ಬ್ರಾಡ್ನರ್ ಅದನ್ನು ಯೋಚಿಸಿದವರು. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದು, ಆಮೇಲೆ ಸಾಂಟಾ ಕ್ರೂಜಿಗೆ ಬಂದ ಜಾಕ್ ಓನೀಲ್ ಅದನ್ನು ಊರೂರಿಗೆ ಮುಟ್ಟಿಸಿದರು. ಉಡುಪಿನೊಳಗೆ ನುಸುಳಿದ ತೆಳ್ಳಗಿನ ನೀರು ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಗುಳ್ಳೆ ತುಂಬಿದ ರಬ್ಬರು ಆ ಶಾಖವನ್ನು ಹೊರಗೆ ಬಿಡುವುದಿಲ್ಲ.

ಯಾವ ಉಡುಪೂ ಇಲ್ಲದೆ ಹೀಗೆ ಈಜಿದ ಹೆಣ್ಣುಮಗಳೂ ಒಬ್ಬಳಿದ್ದಾಳೆ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಲಿನ್ ಕಾಕ್ಸ್. 1987ರ ಆಗಸ್ಟಿನಲ್ಲಿ ಅಮೆರಿಕದ ಒಂದು ದ್ವೀಪದಿಂದ ರಷ್ಯದ ದ್ವೀಪಕ್ಕೆ ಬೇರಿಂಗ್ ಜಲಸಂಧಿಯನ್ನು ಬರಿಯ ಈಜುಡುಪಿನಲ್ಲಿ ಎರಡು ಗಂಟೆಗಳಲ್ಲಿ ದಾಟಿದಳು. ನೀರು ಏಳು ಡಿಗ್ರಿಯೂ ಇರಲಿಲ್ಲ. ಅದರ ಹಿಂದೆ ಹತ್ತಾರು ವರ್ಷಗಳ ಅಭ್ಯಾಸ, ಪಕ್ಕದಲ್ಲಿ ದೋಣಿ, ವೈದ್ಯರು. ಅವಳನ್ನು ನೋಡಿ ನಮ್ಮ ಮನೆಯ ಹುಡುಗರು ಪಂದ್ಯ ಕಟ್ಟಬಾರದು.

ಮಾಂಟರೇ, ಅದರ ಪಕ್ಕದ ಕಾರ್ಮೆಲ್, ಪಾಯಿಂಟ್ ಲೋಬೋಸ್‌ಗೆ ಎರಡು ಸಲ ಹೋಗಿಬಂದೆ. ಇನ್ನೊಮ್ಮೆ ಕರೆದರೆ ಈಗಲೂ ಚೀಲ ಹಿಡಿದು ಹೊರಟೇನು. ಅಲ್ಲಿಯ ಸಮುದ್ರದೊಳಗೆ ಕೆಲ್ಪ್ ಎಂಬ ಕಂದು ಪಾಚಿಯ ಕಾಡೇ ಇದೆ. ಒಳ್ಳೆಯ ಕಾಲದಲ್ಲಿ ದಿನಕ್ಕೆ ಎರಡು ಅಡಿ ಬೆಳೆಯುತ್ತದಂತೆ. ನಮ್ಮ ಬಿದಿರು ಕಳಲೆಯ ಹಾಗೆ. ಆ ಪಾಚಿಯನ್ನು ಹೊದಿಕೆಯಂತೆ ಮೈಗೆ ಸುತ್ತಿಕೊಂಡು ಕಡಲ ನೀರುನಾಯಿಗಳು ಅಂಗಾತ ಮಲಗಿ ನಿದ್ದೆ ಮಾಡುತ್ತವೆ, ತೇಲಿ ಹೋಗದಿರಲಿ ಎಂದು. ಎಚ್ಚರವಾದರೆ ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪನ್ನು ಕುಟ್ಟಿ ಒಡೆಯುತ್ತವೆ. ನಾವು ತೆಂಗಿನಕಾಯಿ ಒಡೆದ ಹಾಗೆ ಟಕ್ ಟಕ್ ಎಂದು ದಡಕ್ಕೂ ಕೇಳುತ್ತದೆ. ತಾಯಿ ಮರಿಯನ್ನು ಎದೆಯ ಮೇಲೆ ಮಲಗಿಸಿಕೊಂಡು ತೇಲುವುದನ್ನು ಎಷ್ಟು ನೋಡಿದರೂ ಸಾಲದು. ಒಂದು ಚದರ ಅಂಗುಲದಲ್ಲಿ ಹತ್ತು ಲಕ್ಷದವರೆಗೆ ಕೂದಲಿರುವ ಅದರ ಚರ್ಮವೇ ಅದಕ್ಕೆ ಕಂಬಳಿ. ಆ ಚರ್ಮದ ಆಸೆಗೆ ಜನ ಕೊಂದು ಕೊಂದು, ಕ್ಯಾಲಿಫೋರ್ನಿಯಾದಲ್ಲಿ ನೀರುನಾಯಿ ಮುಗಿದೇಹೋಯಿತು ಎಂದುಕೊಂಡಿದ್ದಾಗ 1938ರಲ್ಲಿ ಬಿಗ್ ಸರ್ ಎಂಬಲ್ಲಿ ಐವತ್ತರಷ್ಟು ಕಣ್ಣಿಗೆ ಬಿದ್ದವು. ಈಗಿರುವುದು ಅವುಗಳ ಸಂತಾನ. 1984ರಲ್ಲಿ ತೆರೆದ ಮಾಂಟರೇ ಮತ್ಸ್ಯಾಲಯದಲ್ಲಿ ಇವನ್ನು ಗಾಜಿನ ಈಚೆ ನಿಂತೇ ನೋಡಬಹುದು, ಟಿಕೆಟ್ಟು ದುಬಾರಿ.

ಕಾರ್ಮೆಲ್ ದಾಟಿದ ಕೂಡಲೇ ಮೊನಾಸ್ಟರಿ ಬೀಚ್ ಎಂದು ಒಂದಿದೆ. ಎದುರಿಗೆ ಕ್ರೈಸ್ತ ಸನ್ಯಾಸಿನಿಯರ ಮಠ, ಬಿಳಿಯ ದಪ್ಪ ಮರಳು, ನೀಲಿ ನೀರು. ಚಿತ್ರ ಬರೆದ ಹಾಗೆ. ಅಲ್ಲಿ ದಡ ಎರಡು ಹೆಜ್ಜೆಗೇ ಕಡಿದಾಗಿ ಆಳಕ್ಕೆ ಇಳಿಯುತ್ತದೆ. ಅಲೆ ಬುಡದಲ್ಲೇ ಮುರಿದು ಬೀಳುತ್ತದೆ. ಕಾಲ ಕೆಳಗಿನ ಮರಳು ಜಾರುವುದರಿಂದ ಮೇಲೆ ಹತ್ತಿ ಬರಲಾಗದು. ಮುಳುಗುಗಾರರು ಅದಕ್ಕೆ ಶವಾಗಾರದ ಬೀಚ್ ಎಂದು ಅಡ್ಡಹೆಸರಿಟ್ಟಿದ್ದಾರೆ. ನಾವು ರಸ್ತೆಯ ಬದಿಯಿಂದಲೇ ನೋಡಿ ಬಂದೆವು.

ಪಾಯಿಂಟ್ ರೇಸ್ ಉತ್ತರಕ್ಕಿದೆ. 1870ರ ದೀಪಸ್ತಂಭ, ಇಳಿಯಲು 300ಕ್ಕೂ ಹೆಚ್ಚು ಮೆಟ್ಟಿಲು. ಮಂಡಿ ನೋವಿದ್ದವರು ಮೇಲೆಯೇ ಕುಳಿತರೆ ಜಾಣರು. ಅಲ್ಲಿಯ ಬಂಡೆಯಂಚು ಗಟ್ಟಿ ಕಂಡರೂ ಕುಸಿಯುತ್ತದೆ. ಫೋಟೋಗೆಂದು ತುದಿಗೆ ಹೋಗುವುದು ಬೇಡ.

ಇಳಿತದ ಹೊತ್ತಿನಲ್ಲಿ (ನಮ್ಮೂರಲ್ಲಿ ಭರತಿ-ಇಳಿತ ಎನ್ನುತ್ತೇವೆ) ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಮಾಸ್ ಬೀಚಿನ ಫಿಟ್ಸ್‌ಜೆರಾಲ್ಡ್ ಎಂಬ ರಕ್ಷಿತ ತೀರದಲ್ಲಿ ತಂಗಿಯ ಐದು ವರ್ಷದ ಮಗಳು ಅಂಥ ಒಂದೇ ಗುಂಡಿಯ ಮುಂದೆ ಒಂದು ಗಂಟೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ದಾಸವಾಳದಂತೆ ಅರಳಿ ಬೆರಳು ಮುಟ್ಟಿದರೆ ಮುದುಡುವ ಪ್ರಾಣಿ, ಬೇರೆಯವರ ಚಿಪ್ಪಿನಲ್ಲಿ ಸಂಸಾರ ಹೂಡಿದ ಏಡಿ, ಕಿತ್ತಳೆ ಬಣ್ಣದ ಕಡಲ ನಕ್ಷತ್ರ. ನಕ್ಷತ್ರಗಳು ಈಗ ಮೊದಲಿನಷ್ಟಿಲ್ಲ. 2013ರಿಂದ ಒಂದು ರೋಗ ಬಂದು ಲಕ್ಷಗಟ್ಟಲೆ ಕರಗಿಹೋದವು. ಅವು ತಿನ್ನುತ್ತಿದ್ದ ಮುಳ್ಳುಚೆಂಡಿನಂಥ ಪ್ರಾಣಿಗಳು ಹೆಚ್ಚಿ, ಉತ್ತರದ ಕೆಲ್ಪ್ ಕಾಡನ್ನು ಬಹುಪಾಲು ಮೇಯ್ದುಬಿಟ್ಟಿವೆ. ಅಲ್ಲಿಂದ ಚಿಪ್ಪು, ಕಲ್ಲು ಏನನ್ನೂ ತರುವಂತಿಲ್ಲ. ಗುಂಡಿ ನೋಡಲು ಹೋಗುವವರು ಉಬ್ಬರ ಇಳಿತದ ವೇಳೆಪಟ್ಟಿ ನೋಡಿಯೇ ಹೋಗಬೇಕು. ಹಿಂದೆ ಉಬ್ಬರ ಬಂದು ದಾರಿ ಮುಚ್ಚಿದರೆ ಬಂಡೆಗೂ ನೀರಿಗೂ ನಡುವೆ ಸಿಕ್ಕಿಬಿದ್ದಂತೆ.

ಮೀನು ತಿನ್ನುವ ಮನೆಯವರಿಗೆ ಒಂದು ಮಾತು. ನಮ್ಮ ಕಡೆ ನೀಲಿಕಲ್ಲು ಎನ್ನುತ್ತಾರಲ್ಲ, ಅದೇ ಜಾತಿಯ ಚಿಪ್ಪು ಅಲ್ಲಿಯ ಬಂಡೆಗಳಲ್ಲಿ ಗೊಂಚಲು ಗೊಂಚಲಾಗಿ ಅಂಟಿರುತ್ತದೆ. ನೋಡಿದರೆ ಕೈ ತುರಿಸುತ್ತದೆ. ಮೇ 1ರಿಂದ ಅಕ್ಟೋಬರ್ 31ರವರೆಗೆ ಅದನ್ನು ತಿನ್ನಲೆಂದು ಕಿತ್ತು ತರುವುದು ಕ್ಯಾಲಿಫೋರ್ನಿಯಾದಲ್ಲಿ ನಿಷಿದ್ಧ. ಕಡಲ ಸೂಕ್ಷ್ಮಜೀವಿಗಳ ವಿಷ ಅದರಲ್ಲಿ ಸೇರಿರುತ್ತದೆ. ಎಷ್ಟು ಬೇಯಿಸಿದರೂ, ಹುಳಿ ಖಾರ ಹಾಕಿದರೂ ಆ ವಿಷ ಹೋಗುವುದಿಲ್ಲ. ಮೈ ಜೋಮು ಹಿಡಿದು ಉಸಿರೇ ನಿಲ್ಲಬಹುದು.

ಕಡಲಾನೆಯ ಬಾಣಂತನ

ಹೊರಡುವ ಮುಂಚಿನ ವಾರ, ಜನವರಿಯಲ್ಲಿ, ಅನ್ಯೋ ನುವೇವೋ ಎಂಬ ತೀರಕ್ಕೆ ಹೋದೆವು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಕಡಲಾನೆಗಳು (ಆನೆ ಸೀಲು ಎನ್ನಿ) 'ತವರಿಗೆ' ಬರುತ್ತವೆ. ಮೊದಲೇ ಟಿಕೆಟ್ ಮಾಡಿಸಿ ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಗಂಡು ಎರಡು ಸಾವಿರ ಕಿಲೋ ಮೀರಿ ತೂಗುತ್ತದೆ. ಮುಖದಲ್ಲಿ ಮೊಂಡು ಸೊಂಡಿಲು, ಅದರಿಂದ ಖಾಲಿ ಡ್ರಮ್ಮು ಬಡಿದಂತೆ ಸದ್ದು.

ನನ್ನ ಕಣ್ಣು ಹೋದದ್ದು ಹೆಣ್ಣುಗಳ ಕಡೆಗೆ. ಮರಿ ಹುಟ್ಟುವಾಗಲೇ ಮೂವತ್ತು ಕಿಲೋ ಮೀರಿರುತ್ತದೆ. ತಾಯಿ ಸುಮಾರು ನಾಲ್ಕು ವಾರ ನೀರಿಗಿಳಿಯದೆ, ಒಂದು ತುತ್ತೂ ತಿನ್ನದೆ ಮರಳಿನ ಮೇಲೆ ಮಲಗಿ ಹಾಲೂಡುತ್ತದೆ. ಆ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ! ತಾಯಿ ಒಣಗುತ್ತಾ ಹೋದಂತೆ ಮರಿ ಉಬ್ಬುತ್ತಾ ಹೋಗುತ್ತದೆ. ತಿಂಗಳಾಗುವುದರೊಳಗೆ ಹುಟ್ಟುತೂಕದ ಮೂರು ನಾಲ್ಕು ಪಟ್ಟು. ಆಮೇಲೆ ಒಂದು ದಿನ ತಾಯಿ ಎದ್ದು ಸಮುದ್ರಕ್ಕೆ ಹೊರಟುಬಿಡುತ್ತದೆ, ತಿರುಗಿ ನೋಡುವುದಿಲ್ಲ. ಮರಿ ತಾನೇ ಈಜು ಕಲಿಯಬೇಕು. ಮನೆಯಲ್ಲಿ ತಂಗಿಗೆ ದಿನಕ್ಕೆ ಐದು ಹೊತ್ತು ಮೆಣಸಿನ ಸಾರು, ತುಪ್ಪದನ್ನ, ಅಂಟಿನುಂಡೆ ಕೊಟ್ಟು ಎಣ್ಣೆ ಹಚ್ಚಿ ನೀರೆರೆದವಳಿಗೆ ಆ ಬಾಣಂತಿಯನ್ನು ನೋಡಿ ಗಂಟಲು ಕಟ್ಟಿತು. ತಂಗಿ ಪಕ್ಕದಲ್ಲಿ ನಿಂತು, "ಅಕ್ಕಾ, ನೀ ಇರದಿದ್ರೆ ನನ್ ಗತಿ ಹೀಗೇ ಆಗ್ತಿತ್ತು" ಅಂದಳು. ಎಣ್ಣೆಗಾಗಿ ಕೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಇವೂ ಮುಗಿಯುತ್ತಾ ಬಂದಿದ್ದವು. 1975ರಲ್ಲಿ ಅನ್ಯೋ ನುವೇವೋದ ದಡದಲ್ಲಿ ಮೊದಲ ಮರಿ ಹುಟ್ಟಿತು. ಈಗ ಸಾವಿರಾರು ಬರುತ್ತವೆ.

ಉಡುವುದು, ಒಯ್ಯುವುದು

ಸೀರೆ ಉಡಲೇಬೇಡಿ ಎಂದು ನಾನು ಹೇಳುವುದಿಲ್ಲ. ಮೇಲೆ ಬೆಂಚಿನಲ್ಲಿ ಕುಳಿತು ನೋಡುವವರು ಉಡಿ. ಮರಳಿಗೆ ಇಳಿಯುವವರಿಗೆ ಸಲ್ವಾರೋ ಪ್ಯಾಂಟೋ ಒಳ್ಳೆಯದು. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಓಡಲಾಗದು. ಹತ್ತಿ ಬಟ್ಟೆ ಒದ್ದೆಯಾದರೆ ಚಳಿ ಹೆಚ್ಚು, ಉಣ್ಣೆ ಒದ್ದೆಯಾದರೂ ಸ್ವಲ್ಪ ಕಾಪಾಡುತ್ತದೆ. ಗಾಳಿ ತಡೆಯುವ ಜಾಕೆಟ್ಟು, ಕಿವಿ ಮುಚ್ಚುವ ಸ್ಕಾರ್ಫು, ಒಬ್ಬೊಬ್ಬರಿಗೂ ಒಂದು ಜೊತೆ ಒಣ ಬಟ್ಟೆ, ಎರಡು ದಪ್ಪ ಟವೆಲ್ಲು ಕಾರಿನಲ್ಲಿ ಇರಲೇಬೇಕು. ಹೊರಡುವ ಮುಂಚೆ ಮಕ್ಕಳಿಗೆ ಹೇಳಿ ಹವಾಮಾನ ಇಲಾಖೆಯ ಬೀಚ್ ಎಚ್ಚರಿಕೆ ಇದೆಯೇ ಎಂದು ನೋಡಿಸಿ. ಅಲ್ಲಿ ತಲುಪಿದ ಮೇಲೆ ಇಪ್ಪತ್ತು ನಿಮಿಷ ಮೇಲೇ ನಿಂತು ಅಲೆ ಎಲ್ಲಿಯವರೆಗೆ ಬರುತ್ತದೆ ನೋಡಿ, ಒದ್ದೆ ಮರಳಿಗಿಂತ ಬಹಳ ಹಿಂದೆ ಜಮಖಾನ ಹಾಸಿ. ಬುತ್ತಿಗೆ ಚಪಾತಿ ಪಲ್ಯ, ಪುಳಿಯೋಗರೆ ಸರಿ. ಮೊಸರನ್ನ ಆ ಗಾಳಿಯಲ್ಲಿ ಯಾರಿಗೂ ಬೇಡ!

ನಾವು ತಪ್ಪದೆ ಒಯ್ಯುತ್ತಿದ್ದದ್ದು ಫ್ಲಾಸ್ಕಿನಲ್ಲಿ ಕಷಾಯ. ಪುಡಿಯನ್ನು ಊರಿನಿಂದಲೇ ಮಾಡಿಕೊಂಡು ಹೋಗಬಹುದು. ಒಂದು ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಮೆಂತ್ಯ ಇವನ್ನು ಬೇರೆ ಬೇರೆಯಾಗಿ ಘಮ ಬರುವಷ್ಟು ಹುರಿದು, ಬೆರಳುದ್ದ ಒಣಶುಂಠಿ, ನಾಲ್ಕು ಏಲಕ್ಕಿ ಸೇರಿಸಿ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಿರಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ರುಚಿಗೆ ಬೆಲ್ಲ ಹಾಕಿ ಐದು ನಿಮಿಷ ಕುದಿಸಿ ಸೋಸಿ. ಹಾಲನ್ನು ಮಾತ್ರ ಬೇರೆ ಫ್ಲಾಸ್ಕಿನಲ್ಲಿ ಒಯ್ದು ಕುಡಿಯುವಾಗ ಬೆರೆಸಿಕೊಳ್ಳಿ. ಬೆಲ್ಲದ ಜೊತೆ ಗಂಟೆಗಟ್ಟಲೆ ಇದ್ದರೆ ಒಡೆದೀತು.